ಅಣ್ಣನ ಅಳತೆ ಅಂಗಿ

ನಮ್ಮ ಕಡೆ ಸತ್ತವರಿಗೂ ವರ್ಷಕ್ಕೊಮ್ಮೆ ಹೊಸ ಬಟ್ಟೆ ಬೇಕು. ಮಹಾನವಮಿ ಅಮಾವಾಸ್ಯೆಯ ದಿನ ಮನೆಯ ಹಿರಿಯರ ಫೋಟೋದ ಮುಂದೆ ಹೋಳಿಗೆ, ಕಡಬು, ಬದನೆಕಾಯಿ ಎಣ್ಣೆಗಾಯಿ ಎಡೆ ಇಟ್ಟು, ಪಕ್ಕದಲ್ಲಿ ಗಂಡಸಾದರೆ ಅಂಗಿ-ಧೋತರ, ಹೆಂಗಸಾದರೆ ಸೀರೆ-ಕುಪ್ಪಸ ಇಡುತ್ತಾರೆ. ಇದಕ್ಕೆ ಅರಿವೆ ಏರಿಸುವುದು ಎನ್ನುತ್ತಾರೆ. ಸಂಕೇಶ್ವರದಲ್ಲಿ ಟೇಲರಿಂಗ್ ಅಂಗಡಿ ಇಟ್ಟಿರುವ ನನಗೆ ಆ ದಿನಗಳೆಂದರೆ ದೀಪಾವಳಿಗಿಂತ ದೊಡ್ಡ ಸುಗ್ಗಿ. ಸತ್ತ ಗಿರಾಕಿಗಳು ಬಹಳ ಒಳ್ಳೆಯವರು. ಕಾಲರ್ ಸರಿಯಿಲ್ಲ, ತೋಳು ಬಿಗಿ ಎಂದು ತಿರುಗಿ ಬಂದು ತಲೆ ತಿನ್ನುವುದಿಲ್ಲ.

ಆದರೆ ಬಟ್ಟೆ ಸತ್ತವರ ಹೆಸರಿನಲ್ಲಿ ಇದ್ದರೂ ಅಳತೆ ಬದುಕಿದ್ದವರದು. ಪೂಜೆ ಮುಗಿದ ಮೇಲೆ ಮಗನೋ ಮೊಮ್ಮಗನೋ ಅದನ್ನು ತೊಟ್ಟುಕೊಂಡು ಊರಲ್ಲಿ ಓಡಾಡಬೇಕು. ಹಾಗೆ ಯಾರಾದರೂ ತೊಟ್ಟರೇ ಅದು ಹೋದವರಿಗೆ ಮುಟ್ಟಿದಂತೆ. ಅದಕ್ಕೇ ಜನ ಅಂಗಡಿಗೆ ಬರುವಾಗ ಮನೆಯಲ್ಲಿರುವ ಹುಡುಗನ ಹಳೆಯ ಅಂಗಿಯೊಂದನ್ನು ಅಳತೆಗೆಂದು ತರುತ್ತಾರೆ. ಅಜ್ಜನ ಹೆಸರಿನಲ್ಲಿ ನಾನು ಈಚೀಚೆಗೆ ಟಿ-ಶರ್ಟಿಗೆ ಜೇಬು ಹಚ್ಚಿದ್ದೂ ಉಂಟು.

ನಮ್ಮ ಮನೆಯಲ್ಲಿ ಮಾತ್ರ ಈ ಪದ್ಧತಿ ತಪ್ಪಿತ್ತು. ತಪ್ಪಿಸಿದವಳು ಅವ್ವ.

ಅಣ್ಣ ಸೈನ್ಯದಲ್ಲಿದ್ದ. ನಮ್ಮೂರು ಕಣಗಲಾದ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುವಷ್ಟು ಎತ್ತರ. ನಾನು ಹೊಲಿಗೆ ಕಲಿಯುವಾಗ ಅವನ ಹೆಗಲಿಗೆ ಬಟ್ಟೆ ಸಾಲದೆ ಗುರುಗಳಿಂದ ಬೈಸಿಕೊಂಡಿದ್ದೇನೆ. ಉತ್ತರದ ಹಿಮದ ಬೆಟ್ಟದಲ್ಲಿ ಕಾವಲಿದ್ದಾಗ ಹಿಮ ಕುಸಿದು ಅವನ ಮೇಲೆ ಬಿತ್ತು. ಬಹಳ ದಿನ ಹುಡುಕಿದರು. ಕೊನೆಗೆ ಸಿಕ್ಕ ಎಂದು ಫೋನ್ ಬಂತು. ಆಮೇಲೆ ಒಂದು ಮುಂಜಾನೆ ಬಾವುಟ ಹೊದಿಸಿದ ಪೆಟ್ಟಿಗೆ ಬಂತು. ಅವನ ಮಗಳು ಆಗಿನ್ನೂ ಒಂದನೇ ಇಯತ್ತೆ.

ಪೆಟ್ಟಿಗೆ ತೆಗೆಯಬೇಡಿ ಎಂದರು ಜೊತೆಗೆ ಬಂದವರು. ಬಹಳ ದಿನ ಆಗಿದೆ, ಮನೆಯವರು ನೋಡುವಂತಿಲ್ಲ, ಇದ್ದ ಹಾಗೆಯೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು ಎಂದು ಮೆತ್ತಗೆ ಹೇಳಿದರು. ಊರ ಹಿರಿಯರೂ ಹೌದೆಂದರು. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಪ್ರಜ್ಞೆಯೇ ಇರಲಿಲ್ಲ. ಅವ್ವ ಮಾತ್ರ ಮುಖ ತೋರಿಸಿರಿ, ಮುಖ ಒಂದು ತೋರಿಸಿರಿ ಎಂದು ಎಲ್ಲರ ಮುಂದೆಯೂ ಕೈ ಮುಗಿದುಕೊಂಡು ಹೋದಳು. ಯಾರೂ ತೋರಿಸಲಿಲ್ಲ. ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ ಬಹಳ ಹೊತ್ತು ಕೂತಿದ್ದಳು. ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಬಂದೂಕಿನ ಸಲಾಮಿಗೆ ಹೆದರಿ ಬಾಜೂ ಹೊಲದ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಅದೊಂದೇ ಆ ದಿನ ನನಗೆ ಸ್ಪಷ್ಟವಾಗಿ ನೆನಪಿರುವುದು.

ಊರು ಅಣ್ಣನನ್ನು ಮರೆಯಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತು ಎಂದು ನನಗೆ ಸಿಟ್ಟು ಬಂದಾಗ ಅನಿಸುತ್ತದೆ. ಬಸ್ ನಿಲ್ದಾಣದ ಹತ್ತಿರ ಒಂದು ಕಟ್ಟೆ ಕಟ್ಟಿ ಎದೆಮಟ್ಟದ ಮೂರ್ತಿ ಕೂಡಿಸಿದರು. ಮೂರ್ತಿಗೆ ಗಿರಿಜಾ ಮೀಸೆ. ಅಣ್ಣ ಹುಟ್ಟಿದಾಗಿನಿಂದ ಸಾಯುವವರೆಗೆ ಮೀಸೆ ಬಿಟ್ಟವನಲ್ಲ. ವರ್ಷಕ್ಕೆ ಎರಡು ಬಾರಿ, ಬಾವುಟ ಏರಿಸುವ ದಿನಗಳಲ್ಲಿ, ಮಾಲೆ ಹಾಕಿ ಘೋಷಣೆ ಕೂಗುತ್ತಾರೆ. ಬ್ಯಾನರಿನಲ್ಲಿ ಪುಢಾರಿಗಳ ಮುಖ ಕುಂಬಳಕಾಯಿಯಷ್ಟು, ಅಣ್ಣನ ಮುಖ ನಿಂಬೆಹಣ್ಣಿನಷ್ಟು. ಶತ್ರುಗಳೊಡನೆ ಹೋರಾಡುತ್ತ ಎಂದು ಬರೆಸುತ್ತಾರೆ. ಹಿಮ ಬಿದ್ದು ಸತ್ತ ಎಂದರೆ ಅವರಿಗೆ ಭಾಷಣ ಕಟ್ಟಲು ಬರುವುದಿಲ್ಲ. ಅವ್ವನನ್ನು ಕುರ್ಚಿಯ ಮೇಲೆ ಕೂಡಿಸಿ ಶಾಲು ಹೊದಿಸಲು ಒಮ್ಮೆ ಕರೆದರು. ಮೂರ್ತಿಯನ್ನು ಒಂದು ಸಲ ನೋಡಿ, ಇದ್ಯಾರ್ದೋ ಮೂರ್ತಿ, ನನ್ನ ಮಗಂದು ಅಲ್ಲ ಎಂದು ಹೇಳಿ ಮನೆಗೆ ಬಂದಳು. ಮತ್ತೆ ಹೋಗಲಿಲ್ಲ.

ಅಣ್ಣ ಹೋದ ವರ್ಷವೇ ಅಮಾವಾಸ್ಯೆಗೆ ಮೊದಲು ಅವ್ವ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. ಚೀಲದಿಂದ ಎರಡು ತೆಗೆದಳು: ಒಂದು ಹೊಸ ಬಟ್ಟೆ, ಇನ್ನೊಂದು ಅಣ್ಣ ಕೊನೆಯ ರಜೆಯಲ್ಲಿ ಬಿಟ್ಟುಹೋದ ನೀಲಿ ಚೌಕಳಿಯ ಅಂಗಿ. ಅದೇ ಅಳತೆಗೆ ಹೊಲಿ ಎಂದಳು. ಅವ್ವಾ, ಈ ಅಳತೆಯ ಅಂಗಿ ನಮ್ಮ ಮನೆಯಲ್ಲಿ ಯಾರಿಗೂ ಆಗುವುದಿಲ್ಲ, ನಾನು ತೊಟ್ಟರೆ ಬಿದಿರುಗಳಕ್ಕೆ ಸಿಕ್ಕಿಸಿದಂತಿರುತ್ತದೆ, ತೊಡುವವರಿಲ್ಲದ ಅರಿವೆ ಏರಿಸಿ ಏನು ಮಾಡುತ್ತೀ ಎಂದೆ. ಅವ್ವ ನನ್ನ ಹೊಲಿಗೆ ಯಂತ್ರದ ಮೇಲಿನ ದಾರದ ಎಳೆಗಳನ್ನು ಆರಿಸುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು.

“ಮುಖ ನೋಡಿಲ್ಲ ನಾ. ಸತ್ತಿದ್ರ ಉಂಡು ಹೋಗ್ಲಿ. ಇದ್ರ ತೊಟ್ಕೊಳ್ಳಾಕ ಬರ್ಲಿ.”

ಅಂದು ಶುರುವಾದದ್ದು. ಪ್ರತಿ ವರ್ಷ ಒಂದು ಅಂಗಿ, ಅಣ್ಣನ ಅಳತೆಗೆ. ಎಡೆಯ ಪಕ್ಕ ಒಂದು ಹಗಲು ಇದ್ದು, ಸಂಜೆ ಮಡಿಕೆ ಮುರಿಯದೆ ತಗಡಿನ ಟ್ರಂಕಿಗೆ ಹೋಗುತ್ತಿತ್ತು. ನೀಲಿ ಚೌಕಳಿಯ ಅಳತೆ ಅಂಗಿಯನ್ನು ಅವ್ವ ನನ್ನ ಬಳಿ ಬಿಡುತ್ತಲೂ ಇರಲಿಲ್ಲ. ನಾನು ಬಟ್ಟೆ ಕತ್ತರಿಸುವವರೆಗೆ ಕಾದು, ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದಳು. ನನಗೆ ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಬೇಸರ, ಆಮೇಲೆ ರೂಢಿಯಾಯಿತು. ದುಃಖವೂ ರೂಢಿಯಾಗುತ್ತದೆ, ಆದರೆ ಅಂಗಿಯ ಹೆಗಲು ಕೂಡಿಸುವಾಗ ಮಾತ್ರ ಕೈ ತಡೆಯುತ್ತಿತ್ತು.

ಅಣ್ಣನ ಮಗಳು ಮೂಡಲಗಿಯಲ್ಲಿ ಬೆಳೆದಳು. ಅಲ್ಲಿ ವೈನಿಯ ತವರು. ವೈನಿ ಅಲ್ಲಿಯೇ ಸಾಲಿ ಮಾಸ್ತರಿಣಿಯಾದರು. ಹುಡುಗಿ ಜಾಣೆ. ಡಾಕ್ಟರಾಗುತ್ತೇನೆ ಎಂದು ಹಟ ಹಿಡಿದು, ಇಲ್ಲಿ ಸೀಟು ಸಿಗದೆ ಆರ್ಮೇನಿಯಾ ಎಂಬ ದೇಶಕ್ಕೆ ಹೋದಳು. ಆ ಹೆಸರನ್ನು ನಾನು ಆವರೆಗೆ ಕೇಳಿರಲಿಲ್ಲ. ಅವ್ವನಿಗೆ ಅದು ಕೊಲ್ಹಾಪುರದಿಂದ ಎಷ್ಟು ದೂರ ಎಂಬುದೊಂದೇ ಚಿಂತೆ. ರಾಜಧಾನಿ ಯೆರೆವಾನ್‌ನಲ್ಲಿ ಒಬ್ಬ ಹೆಂಗಸು ತನ್ನ ಮನೆಯ ಒಂದು ಕೋಣೆ ಇವಳಿಗೆ ಬಾಡಿಗೆಗೆ ಕೊಟ್ಟಳು. ಗಂಡ ತೀರಿಕೊಂಡಿದ್ದ, ಒಬ್ಬನೇ ಮಗ. ಹುಡುಗಿ ಅವಳನ್ನು ಮಾಯ್ರಿಕ್ ಎಂದು ಕರೆಯುತ್ತಿದ್ದಳು. ಅವರ ಮಾತಿನಲ್ಲಿ ಹಾಗೆಂದರೆ ತಾಯಿ. ನಾವೂ ಮಾಯ್ರಿಕ್ ಎಂದೇ ಕರೆಯತೊಡಗಿದೆವು.

ಭಾನುವಾರ ವಿಡಿಯೋ ಫೋನ್ ಬರುತ್ತಿತ್ತು. ಅವ್ವ ಇಲ್ಲಿಂದ ಜೋಳದ ರೊಟ್ಟಿ ತೋರಿಸುವಳು, ಮಾಯ್ರಿಕ್ ಅಲ್ಲಿಂದ ತಮ್ಮ ರೊಟ್ಟಿ ತೋರಿಸುವಳು. ಅದು ಎಷ್ಟು ತೆಳುವೆಂದರೆ ಎರಡೂ ಕೈಯಲ್ಲಿ ಎತ್ತಿ ಹಿಡಿದರೆ ಅದರ ಹಿಂದಿನ ಮುಖ ಕಾಣುತ್ತಿತ್ತು. ರೊಟ್ಟಿ ಅಲ್ಲ ಅದು, ಧೋತರ ಎಂದು ಅವ್ವ ಕೊಂಕು ತೆಗೆದಳು. ಹುಡುಗಿ ಅದನ್ನು ಅಲ್ಲಿಯ ಮಾತಿಗೆ ತಿರುಗಿಸಿದಾಗ ಮಾಯ್ರಿಕ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮಗ ತೆಳ್ಳನೆಯ ಹುಡುಗ, ನಾಚಿಕೆಯವನು, ಹಿಂದಿನಿಂದ ಇಣುಕಿ ಕೈ ಮುಗಿದು ಹೋಗುತ್ತಿದ್ದ. ನಮ್ಮ ಹುಡುಗಿ ಅವನಿಗೆ ರಾಖಿ ಕಟ್ಟಿದಳು. ದಾರ ಹರಿದುಹೋಗುವವರೆಗೂ ಬಿಚ್ಚಲಿಲ್ಲವಂತೆ.

ಕರೋನಾ ಬಂದ ವರ್ಷ, ಅಲ್ಲಿ ಚಳಿ ಶುರುವಾಗುವ ಮೊದಲು, ಯುದ್ಧ ಬಂತು. ಆರ್ಮೇನಿಯಾಕ್ಕೂ ಪಕ್ಕದ ಅಜರ್‌ಬೈಜಾನಿಗೂ ನಡುವೆ ಕರಾಬಾಖ್ ಎಂಬ ಬೆಟ್ಟಸೀಮೆ ಇದೆ. ನಮ್ಮದು ಎಂದು ಇವರು, ನಮ್ಮದು ಎಂದು ಅವರು, ಮೂವತ್ತು ವರ್ಷಗಳಿಂದ ಬಡಿದಾಟ. ಗಡಿಯ ಜಗಳ ನಮಗೇನೂ ಹೊಸದಲ್ಲ. ಇಲ್ಲಿಯೂ ಯಾರೋ ಎಲ್ಲೋ ಕೂಗುತ್ತಾರೆ, ಬಸ್ಸುಗಳಿಗೆ ಮಸಿ ಬೀಳುತ್ತದೆ, ಹೆದ್ದಾರಿಯಲ್ಲಿ ಬಸ್ಸುಗಳು ನಿಲ್ಲುತ್ತವೆ. ಆಮೇಲೆ ಮಸಿ ಒರೆಸಿದ ಅದೇ ಬಸ್ಸಿನಲ್ಲಿ ಕೊಲ್ಹಾಪುರದ ಗಿರಾಕಿ ಬಂದು, ಅಂಗಿ ಆತೇನ್ರಿ ಎಂದು ಕೇಳುತ್ತಾನೆ. ನಮ್ಮ ಜಗಳ ಮಸಿಯಲ್ಲೇ ಮುಗಿಯುತ್ತದಲ್ಲ, ಆ ದೇವರಿಗೆ ನಾನು ದಿನಾ ಕೈ ಮುಗಿಯುತ್ತೇನೆ. ಅಲ್ಲಿ ಮಸಿಯಲ್ಲಿ ಮುಗಿಯಲಿಲ್ಲ. ಮಾಯ್ರಿಕ್‌ಳ ಮಗನನ್ನು ಗಡಿಗೆ ಕಳಿಸಿದರು. ಕೆಲವು ದಿನ ಫೋನ್ ಬಂತು, ನಂತರ ಬರಲಿಲ್ಲ. ಯುದ್ಧ ನಿಂತಿತು. ಆಗಲೂ ಬರಲಿಲ್ಲ. ಸತ್ತವರ ಪಟ್ಟಿಯಲ್ಲೂ ಅವನಿಲ್ಲ, ಸೆರೆಸಿಕ್ಕವರಲ್ಲೂ ಇಲ್ಲ. ಕಾಣೆಯಾಗಿದ್ದಾನೆ ಎಂದರು.

ಯೆರೆವಾನಿನ ಹೊರಗೆ ಒಂದು ಗುಡ್ಡವಿದೆ. ಯುದ್ಧದಲ್ಲಿ ಹೋದವರನ್ನೆಲ್ಲ ಅಲ್ಲಿ ಮಣ್ಣು ಮಾಡುತ್ತಾರೆ. ಹುಡುಗಿ ಒಮ್ಮೆ ಅಲ್ಲಿಂದ ನಮಗೆ ವಿಡಿಯೋ ತೋರಿಸಿದಳು. ಸಾಲು ಸಾಲು ಕಲ್ಲು. ಕಲ್ಲಿನ ಮೇಲೆ ಅವರವರದೇ ಮುಖ, ನಗುವ ಮುಖ, ಮೊಡವೆ ಕೂಡ ಕಾಣುವಂತೆ ಕೆತ್ತಿದ್ದು. ಎಲ್ಲೆಡೆ ಬಾವುಟ, ಹೂವು, ಲೋಬಾನದ ಹೊಗೆ. ತಾಯಿ-ತಂದೆಯರು ಮಡಚುವ ಕುರ್ಚಿ ತಂದು ಮಕ್ಕಳ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದರು. ಪುಢಾರಿಗಳ ಮುಖ ಎಲ್ಲೂ ಇರಲಿಲ್ಲ. ನೆನೆಯುವುದಾದರೆ ಹೀಗೆ ನೆನೆಯಬೇಕು ಎಂದೆ ನಾನು. ಅವ್ವ ಕೇಳಿದ್ದು ಬೇರೆ: ಮಾಯ್ರಿಕ್ ಎಲ್ಲಿ? ಹುಡುಗಿ ಫೋನು ತಿರುಗಿಸಿದಳು. ಮಾಯ್ರಿಕ್ ಗೇಟಿನ ಹೊರಗೆ ಬೇರೆ ಕೆಲವು ಹೆಂಗಸರ ಜೊತೆ ನಿಂತಿದ್ದಳು. ಕಲ್ಲು ಸಿಗದ ತಾಯಂದಿರು. ಒಳಗೆ ಕಾಲಿಟ್ಟರೆ ಮಗ ಸತ್ತನೆಂದು ಒಪ್ಪಿದಂತೆ ಎಂದು ಅವರು ಒಳಗೆ ಬರುವುದಿಲ್ಲವಂತೆ. ಹಾಗೆಂದು ಮನೆಯಲ್ಲೂ ಕೂತಿರಲಾರರು.

ಆ ಕಡೆಯೂ ಇಂಥವರು ಬಹಳ ಇದ್ದಾರೆ ಕಾಕಾ ಎಂದು ಹುಡುಗಿ ನನಗೆ ಹೇಳಿದಳು. ಅಜರ್‌ಬೈಜಾನಿನಲ್ಲಿ ಹಿಂದಿನ ಯುದ್ಧದಲ್ಲಿ ಕಾಣೆಯಾದ ಮಕ್ಕಳಿಗಾಗಿ ಮೂವತ್ತು ವರ್ಷದಿಂದ ಕಾದು ಕಾದು ಮುದುಕಿಯರಾದವರು, ಬಿಟ್ಟೋಡಿದ್ದ ಊರಿಗೆ ಈಗ ಮರಳಿ ಬಂದು ಮಣ್ಣಲ್ಲಿ ಹುಗಿದ ಬಾಂಬು ತುಳಿದವರು. ಅವ್ವ ಅದನ್ನೂ ಕೇಳಿಸಿಕೊಂಡಳು. ಅವರ ಮಕ್ಕಳದೂ ಅಳತೆ ಅಂಗಿ ಯಾರಾದರೂ ಎತ್ತಿಟ್ಟಿರುತ್ತಾರೇನು ಎಂದಳು. ಯಾರು ಗೆದ್ದರು ಎಂದು ಆಕೆ ಒಮ್ಮೆಯೂ ಕೇಳಲಿಲ್ಲ.

ಓದು ಮುಗಿಸಿ ಹುಡುಗಿ ತಿರುಗಿ ಬಂದಳು. ಗೋಕಾಕಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತಳು. ಬರುವಾಗ ಮಾಯ್ರಿಕ್ ಒಂದು ಫೋಟೋ ಕೊಟ್ಟಿದ್ದಳು: ಸೈನ್ಯದ ಬಟ್ಟೆಯಲ್ಲಿ ಮಗ, ಟೋಪಿ ಒಂದಿಷ್ಟು ಓರೆ. ಅವನು ಬರುವವರೆಗೆ ತಂಗಿಯ ಮನೆಯಲ್ಲಿರಲಿ ಎಂದಿದ್ದಳಂತೆ. ಹುಡುಗಿ ಅದಕ್ಕೆ ಚೌಕಟ್ಟು ಹಾಕಿಸಿ ಕಣಗಲಾದ ಮನೆಯಲ್ಲಿ ತನ್ನ ಅಪ್ಪನ ಫೋಟೋದ ಪಕ್ಕ ಗೋಡೆಗೆ ಹಾಕಿದಳು. ಅವಳ ಮನಸ್ಸಿನಲ್ಲಿ ಅದು ಇಬ್ಬರು ಸೈನಿಕರ ಫೋಟೋ. ನೋಡುವವರ ಕಣ್ಣಿಗೆ, ಗೋಡೆಯ ಮೇಲೆ ಸತ್ತವನ ಬಾಜೂ ಇದ್ದವನು ಇನ್ನೊಬ್ಬ ಸತ್ತವನೇ. ನಮ್ಮಲ್ಲಿ ಬದುಕಿದ್ದವರ ಫೋಟೋವನ್ನು ಆ ಗೋಡೆಗೆ ಯಾರು ಹಾಕುತ್ತಾರೆ?

ಆ ವರ್ಷ ಅವ್ವ ಅಮಾವಾಸ್ಯೆಗೆ ಬಟ್ಟೆ ತಂದಾಗ ಎರಡು ಅಂಗಿಯಷ್ಟಿತ್ತು. ಒಂದು ಎಂದಿನದು. ಇನ್ನೊಂದು ತೆಳ್ಳನೆಯ ಹುಡುಗನಿಗೆ, ಅಂದಾಜಿನ ಮೇಲೆ ಹೊಲಿ ಎಂದಳು. ಯಾರಿಗೆ ಎಂದು ಕೇಳುವ ಅಗತ್ಯ ನನಗೆ ಬೀಳಲಿಲ್ಲ. ಫೋನಿನಲ್ಲಿ ನೋಡಿದ್ದ ಹೆಗಲನ್ನು ನೆನೆದು ಹೊಲಿದೆ. ಪರದೇಶದ ಮಗನಿಗೂ ಒಂದು ಅಂಗಿ ಏರಿಸಬೇಕೆನ್ನುವ ತಾಯಿ ನನ್ನವಳು ಎಂದು ಹೆಮ್ಮೆಯೇ ಆಗಿತ್ತು.

ಅಮಾವಾಸ್ಯೆಯ ದಿನ ಹುಡುಗಿ ಆಸ್ಪತ್ರೆಯ ಕೆಲಸ ಮುಗಿಸಿ ಗೋಕಾಕಿನಿಂದ ಮಧ್ಯಾಹ್ನ ಬಂದಳು. ಅಷ್ಟರಲ್ಲಿ ಅವ್ವ ಎಲ್ಲ ಸಿದ್ಧ ಮಾಡಿದ್ದಳು. ಎರಡೂ ಫೋಟೋಗಳ ಗಾಜಿಗೆ ವಿಭೂತಿ, ಕುಂಕುಮ, ಮೇಲೆ ಚೆಂಡುಹೂವಿನ ಮಾಲೆ, ಮುಂದೆ ಲೋಬಾನ, ಎರಡು ಎಡೆ. ಅಣ್ಣನದಕ್ಕೆ ಹೋಳಿಗೆ. ಆ ಹುಡುಗನದಕ್ಕೆ ಹೋಳಿಗೆಯ ಜೊತೆ, ಅವ್ವ ತಾನೇ ಕೂತು ಲಟ್ಟಿಸಿದ ಧೋತರದಷ್ಟು ತೆಳುವಾದ ಒಂದು ಚಪಾತಿ. ಅವನ ಬಾಯಿಗೆ ನಮ್ಮ ರೊಟ್ಟಿ ಬಿರುಸಾದೀತು ಎಂದು. ಅದನ್ನು ನೋಡಿ ನನ್ನ ಹೆಂಡತಿ ಅಡಿಗೆ ಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಹುಡುಗಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದಾಗ ಕಟ್ಟೆಯ ಮೇಲಿದ್ದ ಅವಳ ಫೋನು ಹಾಡಿತು. ಪರದೆಯ ಮೇಲೆ ಮಾಯ್ರಿಕ್. ಅವ್ವನಿಗೆ ಹಸಿರು ಗುಂಡಿ ಒತ್ತುವುದು ಗೊತ್ತಿತ್ತು. ಒತ್ತಿದಳು, ನಕ್ಕಳು, ನಮಸ್ಕಾರ ಮಾಡಿದಳು. ಮಾತು ತಿಳಿಯದಲ್ಲ, ಅದಕ್ಕೆ ಬಾ ತೋರಿಸುತ್ತೇನೆ ಎನ್ನುವಂತೆ ಕೈ ಮಾಡಿ, ಫೋನು ಹಿಡಿದುಕೊಂಡು ಫೋಟೋಗಳ ಮುಂದೆ ಹೋಗಿ ನಿಂತಳು. ನಿನ್ನ ಮಗನಿಗೂ ಮಾಡಿದ್ದೇನೆ, ನೋಡು. ಹೊಗೆ, ಹೂವು, ಹಣೆಯ ಮೇಲಿನ ಕೆಂಪು, ಒಂದೊಂದನ್ನೂ ಹತ್ತಿರ ಹಿಡಿದು ತೋರಿಸಿದಳು.

ಹುಡುಗಿ ಒದ್ದೆ ಕೈಯಲ್ಲೇ ಓಡಿ ಬಂದು ಫೋನು ತೆಗೆದುಕೊಂಡಳು. ಮಾಯ್ರಿಕ್ ಒಂದೇ ಒಂದು ಮಾತು ಕೇಳಿದಳು. ಅದರ ಅರ್ಥ ಹುಡುಗಿ ಆಮೇಲೆ ಹೇಳಿದಳು: ನನಗಿಂತ ಮೊದಲು ನಿಮಗೆ ಸುದ್ದಿ ಬಂತಾ? ಹುಡುಗಿ ಇಲ್ಲ ಇಲ್ಲ ಎಂದು ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಅಲ್ಲಿ ಫೋನು ಕೆಳಗೆ ಬಿದ್ದಿತ್ತು. ಪರದೆಯಲ್ಲಿ ಆ ಮನೆಯ ಚಾವಣಿ, ಒಂದು ದೀಪ, ಮತ್ತು ನೆಲದಿಂದ ಕೇಳಿಸುವ ಅಳು. ಆ ಅಳುವನ್ನು ತಿರುಗಿಸಿ ಹೇಳಲು ಯಾರೂ ಬೇಕಿರಲಿಲ್ಲ.

ಆ ದೇಶದಲ್ಲಿ ಲೋಬಾನ ಹಾಕುವುದು ಚರ್ಚಿನಲ್ಲಿ, ಇಲ್ಲವೇ ಗೋರಿಯ ಮೇಲೆ. ಮನೆಯಲ್ಲಿ ಒಬ್ಬನ ಫೋಟೋದ ಮುಂದೆ ಹಾಕಿದರೆ ಅದಕ್ಕೆ ಇನ್ನೇನು ಅರ್ಥ? ಹುಡುಗಿ ತನ್ನ ಆಯಿಗೆ, ಅಂದರೆ ನಮ್ಮ ಅವ್ವನಿಗೆ, ಇದನ್ನು ಹೇಳಿದಳು. ಅವಳ ಸಿಟ್ಟು ನನಗೂ ಹೆದರಿಕೆ ತರಿಸುವಂತಿತ್ತು. ಆಯಿ, ಅವ ಸತ್ತಿಲ್ಲ ಎಂದಳು. ಅವ್ವ ನಿಂತಲ್ಲೇ ನಿಂತು, ಸತ್ತಾನ ಅಂತ ನಾ ಎಲ್ಲಿ ಅಂದೆ ಎಂದು ಮೆಲ್ಲಗೆ ಕೇಳಿದಳು. ಖರೆ, ಆಕೆ ಅಂದಿರಲಿಲ್ಲ. ಸತ್ತಿದ್ದರೆ ಉಂಡು ಹೋಗಲಿ, ಇದ್ದರೆ ತೊಟ್ಟುಕೊಳ್ಳಲು ಬರಲಿ. ಆಕೆಯ ಪೂಜೆಯಲ್ಲಿ ಎರಡಕ್ಕೂ ಜಾಗವಿತ್ತು. ಅದು ನಮ್ಮ ಮನೆಯವರಿಗೆ ಬಿಟ್ಟರೆ ಜಗತ್ತಿನಲ್ಲಿ ಇನ್ನಾರಿಗೆ ತಿಳಿಯಬೇಕು? ಅವ್ವ ಆ ಹುಡುಗನ ಫೋಟೋ ಇಳಿಸಿ, ಸೆರಗಿನಿಂದ ಕುಂಕುಮ ಒರೆಸಿದಳು. ಒಂದಿಷ್ಟು ಚೌಕಟ್ಟಿನ ಸಂದಿಗೆ ಇಳಿದಿತ್ತು, ಅದು ಹೋಗಲಿಲ್ಲ. ಉಗುರಿನಿಂದ ಕೆರೆಯುತ್ತ ಸಂಜೆಯವರೆಗೆ ಕೂತಳು. ಆ ದಿನ ನಮ್ಮ ಮನೆಯಲ್ಲಿ ಸತ್ತವರೂ ಉಣ್ಣಲಿಲ್ಲ, ಇದ್ದವರೂ ಉಣ್ಣಲಿಲ್ಲ.

ಮಾಯ್ರಿಕ್ ಆಮೇಲೆ ಫೋನು ಎತ್ತಲಿಲ್ಲ. ಹುಡುಗಿ ಸಂದೇಶ ಬರೆದಳು. ತನ್ನ ಅಪ್ಪನ ಮುಚ್ಚಿದ ಪೆಟ್ಟಿಗೆಯ ಸಂಗತಿ, ಟ್ರಂಕಿನ ಅಂಗಿಗಳ ಸಂಗತಿ, ಆಯಿ ಯಾಕೆ ಹಾಗೆ ಮಾಡಿದಳು ಎಂಬುದು, ಎಲ್ಲವನ್ನೂ ಬರೆದಳು. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಚಳಿಗಾಲ ಕಳೆಯಿತು. ಕಬ್ಬಿನ ಗಾಡಿಗಳು ಕಾರ್ಖಾನೆಗೆ ಹೋಗುವುದು ನಿಂತಿತು. ಹುಡುಗಿ ರಜೆಗೆ ಬಂದಾಗಲೆಲ್ಲ ಅವ್ವ ಒಂದೇ ಮಾತು ಕೇಳುತ್ತಿದ್ದಳು: ಆಕಿ ಫೋನ್ ಮಾಡಿದ್ಲೇನು? ಮೊದಲು ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದ ನನ್ನ ಹೆಂಡತಿಯನ್ನೂ ಈಗ ಬೈಯುವುದು ಬಿಟ್ಟಿದ್ದಳು. ಒಬ್ಬ ತಾಯಿಯ ಮಡಿಲಿಂದ ಮಗನನ್ನು ಕಸಿದುಕೊಂಡೆ ಎಂದು ಒಳಗೊಳಗೇ ಸವೆಯುತ್ತಿದ್ದಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿರಲಿಲ್ಲ. ಜಗಳ ಬೆಟ್ಟದ್ದು, ಬರೆ ಬಿದ್ದದ್ದು ಇಬ್ಬರು ತಾಯಂದಿರಿಗೆ.

ಮುಂಗಾರಿಗೆ ಮುಂಚೆ ಒಂದು ಭಾನುವಾರ ಹುಡುಗಿ ಮನೆಯಲ್ಲಿದ್ದಾಗ ಫೋನು ಬಂತು. ಮಾಯ್ರಿಕ್ ಬಹಳ ಇಳಿದಿದ್ದಳು. ಕರಾಬಾಖಿನ ಒಂದು ಇಳಿಜಾರಿನಲ್ಲಿ ಎಲುಬುಗಳು ಸಿಕ್ಕಿವೆ, ಅವಳು ಕೊಟ್ಟಿದ್ದ ರಕ್ತಕ್ಕೆ ತಾಳೆಯಾಗಿದೆ, ನಾಳೆ ಪೆಟ್ಟಿಗೆ ಕೊಡುತ್ತಾರೆ ಎಂದಳು. ತೆಗೆದು ನೋಡುವುದು ಬೇಡ ಎಂದು ಎಲ್ಲರೂ ಹೇಳುತ್ತಿದ್ದಾರೆ, ಅವಳ ತಮ್ಮ, ಪಾದ್ರಿ, ಡಾಕ್ಟರು. ಆಮೇಲೆ ಹುಡುಗಿಗೆ, ನಿನ್ನ ಅಜ್ಜಿಯನ್ನು ಕೇಳು, ಆಕೆಗೆ ಮಾತ್ರ ಗೊತ್ತಿರುತ್ತದೆ, ನಾನು ತೆಗೆಯಲೋ ಬೇಡವೋ ಎಂದಳು.

ಹುಡುಗಿ ತಡವರಿಸುತ್ತ ಇದನ್ನು ಹೇಳಿದಳು. ಈ ಪ್ರಶ್ನೆಯನ್ನು ನನ್ನ ಅವ್ವನಿಗೆ ಕೇಳಬಾರದು, ಯಾರೂ ಕೇಳಬಾರದು ಎನಿಸಿತು. ಬೇಡ ಎಂದು ಕೈಯಾಡಿಸಿದೆ ಕೂಡ. ಅವ್ವ ನನ್ನ ಕಡೆ ನೋಡಲೇ ಇಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಮಾತು ಆಕೆಗೆ ನೇರವಾಗಿ ತಿಳಿಯುತ್ತದೆ ಎಂಬಂತೆ ಮಾಯ್ರಿಕ್‌ಳ ಮುಖ ನೋಡಿಯೇ ಹೇಳಿದಳು.

“ತಗೀ ತಂಗಿ. ಏನಿದ್ರೂ ನೋಡಿಬಿಡು. ನೋಡ್ಲಿಲ್ಲಂದ್ರ ನನ್ನಂಗ ಟ್ರಂಕ್ ತುಂಬ್ಕೊಂತ ಕುಂದರ್ತಿ.”

ಹುಡುಗಿಗೆ ಅದನ್ನು ತಿರುಗಿಸಿ ಹೇಳಲು ಬಹಳ ಹೊತ್ತು ಬೇಕಾಯಿತು. ಮಾಯ್ರಿಕ್ ಪರದೆಯ ಮೇಲೆ ಅಂಗೈ ಇಟ್ಟಳು. ಇಲ್ಲಿ ಅವ್ವನ ಮುಖದ ಮುಂದೆ ಬರೀ ಅಂಗೈ ಕಾಣಿಸಿತು. ಅವ್ವನೂ ತನ್ನ ಅಂಗೈ ಇಟ್ಟಳು.

ಮಾಯ್ರಿಕ್ ತೆಗೆದು ನೋಡಿದಳು. ಹೆಚ್ಚೇನೂ ಇರಲಿಲ್ಲವಂತೆ. ಆದರೆ ಒಂದು ಉಣ್ಣೆಯ ಕಾಲುಚೀಲ ಇತ್ತು, ಅವಳೇ ಹೆಣೆದು ಕಳಿಸಿದ್ದು. ಹಿಮ್ಮಡಿಯ ತಿರುವನ್ನು ಅವಳು ಹೆಣೆಯುವಂತೆ ಬೇರೆ ಯಾರೂ ಹೆಣೆಯುವುದಿಲ್ಲವಂತೆ. ಅದನ್ನು ಹಿಡಿದುಕೊಂಡು, ಇವನು ನನ್ನವನೇ ಎಂದಳಂತೆ. ಗುಡ್ಡದ ಮೇಲೆ ಮಣ್ಣು ಮಾಡಿದರು. ಅಂದು ಮೊದಲ ಸಲ ಅವಳು ಆ ಗೇಟು ದಾಟಿ ಒಳಗೆ ಹೋದಳು. ಹುಡುಗಿಗೆ ಕಳಿಸಿದ ಫೋಟೋದಲ್ಲಿ ಅವಳು ಮಡಚುವ ಕುರ್ಚಿಯ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ಹೊಸ ಮಣ್ಣು. ಅವನು ಸತ್ತ ಇಳಿಜಾರು ಈಗ ಅಜರ್‌ಬೈಜಾನಿನದು. ಮಗ ಸಿಕ್ಕ, ಬೆಟ್ಟ ಸಿಗಲಿಲ್ಲ ಎಂದು ಅಲ್ಲಿಯ ಯಾರೋ ಅವಳಿಗೆ ಸಮಾಧಾನ ಹೇಳಿದರಂತೆ. ಅಂಥ ಮಾತಾಡುವವರು ಎಲ್ಲ ಊರಲ್ಲೂ ಇರುತ್ತಾರೆ.

ನೀವು ಹೊಲಿದ ಆ ಅಂಗಿ ಇದ್ದರೆ ಅವನ ತಂಗಿ ತೊಡಲಿ ಎಂದು ಮಾಯ್ರಿಕ್ ಹೇಳಿ ಕಳಿಸಿದಳು. ಹುಡುಗಿ ಟ್ರಂಕಿನಿಂದ ಅದನ್ನು ತೆಗೆದು, ತೋಳು ಮಡಚಿ ತೊಟ್ಟುಕೊಂಡು ಪಡಸಾಲೆಗೆ ಬಂದಳು. ಒಂದಿಷ್ಟು ದೊಡ್ಡದಾಗಿತ್ತು, ಅಷ್ಟೇ. ಅಂದಾಜಿನ ಹೊಲಿಗೆ ಕೆಟ್ಟಿರಲಿಲ್ಲ. ಅದರ ಮೇಲೆ ಬಿಳಿಯ ಕೋಟು ಹಾಕಿಕೊಂಡು ಬಸ್ಸು ಹತ್ತಿ ಗೋಕಾಕಿಗೆ ಹೋದಳು. ಅವ್ವ ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು ಆ ಅಂಗಿಯನ್ನೇ ನೋಡುತ್ತಿದ್ದಳು.

ಮತ್ತೆ ಅಮಾವಾಸ್ಯೆ ಬಂತು. ಅವ್ವ ಎಂದಿನಂತೆ ಅಂಗಡಿಗೆ ಬಂದಳು. ಚೀಲದಿಂದ ಬಟ್ಟೆ ತೆಗೆದು ಕತ್ತರಿಸುವ ಮೇಜಿನ ಮೇಲೆ ಇಟ್ಟಳು. ನಾನು ಅಳತೆ ಅಂಗಿಗೆ ಕೈ ಚಾಚಿದೆ. ಚೀಲ ಖಾಲಿಯಾಗಿತ್ತು. ಮರೆತು ಬಂದಳೋ ಎಂದುಕೊಂಡು, ಅಣ್ಣನ ಅಂಗಿ ಎಲ್ಲಿ ಎಂದು ಕೇಳಿದೆ. ಅವ್ವ ಗೋಡೆಗೆ ತೂಗುಹಾಕಿದ ಬೇರೆಯವರ ಬಟ್ಟೆಗಳ ಕಡೆ ನೋಡುತ್ತ, ಈ ಸಲ ನಿನ್ನ ಅಳತೆಗೆ ಹೊಲಿದುಕೋ ಎಂದಳು.

ಇಷ್ಟು ವರ್ಷ ಆ ಅಂಗಿಗಳನ್ನು ಹೊಲಿದು ಬೇಸತ್ತವನು ನಾನೇ. ಈಗ ಅವ್ವ ಬಿಟ್ಟುಕೊಟ್ಟಳು ಎಂದಾಗ, ಬೇಡ, ಇನ್ನೊಂದು ವರ್ಷ, ಇನ್ನೊಂದೇ ವರ್ಷ ಎಂದು ಕೂಗಬೇಕೆನಿಸಿತು. ಅಣ್ಣ ಅಂದು ಪೆಟ್ಟಿಗೆಯಲ್ಲಿ ಬಂದಾಗಲೂ ನಾನು ಅಷ್ಟು ಅನಾಥನಾಗಿರಲಿಲ್ಲ.

ಟೇಲರ್ ತನ್ನ ಹೆಗಲ ಅಳತೆಯನ್ನು ತಾನೇ ತೆಗೆದುಕೊಳ್ಳಲಾರ. ನಾನು ಅವ್ವನ ಕೈಗೆ ಟೇಪು ಕೊಟ್ಟು ಬೆನ್ನು ತಿರುಗಿಸಿ ನಿಂತೆ. ಆಕೆ ಸ್ಟೂಲಿನ ಮೇಲೆ ಹತ್ತಿ ಟೇಪಿನ ತುದಿಯನ್ನು ನನ್ನ ಒಂದು ಹೆಗಲಿಗೆ ಒತ್ತಿ, ಇನ್ನೊಂದು ಹೆಗಲವರೆಗೆ ಎಳೆದಳು. ಅಲ್ಲಿಗೆ ಬಂದ ಮೇಲೂ ಬೆರಳು ನಿಲ್ಲಲಿಲ್ಲ. ನನ್ನ ಹೆಗಲು ಮುಗಿದು, ಗಾಳಿಯಲ್ಲಿ ಒಂದಿಷ್ಟು ಮುಂದೆ ಹೋಗಿ ನಿಂತಿತು.

“ಅವಂದು ಇಲ್ಲೀ ಮಟಾ ಇತ್ತು” ಎಂದು ಹೇಳಿ, ಅವ್ವ ಟೇಪು ಬಿಟ್ಟಳು.